ತುಕ್ಕಿನ ಕಾರು, ಹನ್ನೊಂದನೆಯ ಸಾಲು

ಒದ್ದೆಯಾದ ತೆಂಗಿನ ನಾರಿನ ಚಾಪೆಯನ್ನು ತುಕ್ಕು ಹಿಡಿದ ತಗಡಿನ ಮೇಲಿಂದ ಎತ್ತಿದಾಗ ಏಳುವ ವಾಸನೆ ಬೇರೆ ಯಾವುದಕ್ಕೂ ಇಲ್ಲ. ಅದರಲ್ಲಿ ಸ್ವಲ್ಪ ಕೆಸರಿದೆ, ಸ್ವಲ್ಪ ರಕ್ತವಿದೆ, ಸ್ವಲ್ಪ ಹಳೆಯ ಪೆಟ್ರೋಲಿದೆ. ಕಳೆದ ಮಳೆಗಾಲದಲ್ಲಿ ಸಾಗರದ ಪರಿಚಿತರೊಬ್ಬರ ಮನೆಗೆ ಹೋಗಿದ್ದೆ. ಅವರು ಹಿತ್ತಿಲಲ್ಲಿ ಕೆಟ್ಟು ನಿಂತಿದ್ದ ಜೀಪಿನೊಳಗಿಂದ ಅಂಥದೊಂದು ಚಾಪೆಯನ್ನು ಎಳೆದು ಹೊರಗೆ ಹಾಕಿದರು. ಜಗಲಿಯ ಮೇಲೆ ಕಾಫಿ ಲೋಟ ಹಿಡಿದು ನಿಂತಿದ್ದ ನಾನು ಅದನ್ನು ಕುಡಿಯಲಾರದೆ ಕೆಳಗಿಟ್ಟೆ. ಕಾಫಿಯಲ್ಲಿ ಏನೋ ಬಿದ್ದಿರಬೇಕೆಂದು ಮನೆಯವರು ಬೇರೆ ಲೋಟ ತಂದರು. ಕಾಫಿ ಚೆನ್ನಾಗಿಯೇ ಇತ್ತು. ನನಗೆ ನೆನಪಾದದ್ದು ನನ್ನ ಕಾರು.

ಊರಿಗೆ ಮರಳಿದವನು ಹಳೆಯ ದಿನಚರಿಗಳ ಕಟ್ಟನ್ನು ಬಿಚ್ಚಿದೆ. ನನ್ನ ನೆನಪಿನಲ್ಲಿ ಅದು ೧೯೬೩ರ ಮಳೆಗಾಲ. ದಿನಚರಿಯ ಪ್ರಕಾರ ೧೯೬೪. ಲಿಂಗನಮಕ್ಕಿಯಲ್ಲಿ ಶರಾವತಿಯನ್ನು ತಡೆದು ನಿಲ್ಲಿಸಿದ ಕಾಲದೊಂದಿಗೆ ಹೋಲಿಸಿ ನೋಡಿದರೆ ದಿನಚರಿಯೇ ಸರಿ. ಯಾವ ದಿನಾಂಕವನ್ನೂ ಎರಡು ಕಡೆ ತಾಳೆ ನೋಡದೆ ಬರೆಯಬಾರದೆಂಬುದು ನನ್ನ ವೃತ್ತಿಯ ಅಭ್ಯಾಸ. ಇತರರ ಲೇಖನಗಳಲ್ಲಿ ತಿಥಿವಾರಗಳು ತಪ್ಪಿದ್ದನ್ನು ಎತ್ತಿ ತೋರಿಸಿ ಹೆಸರು ಮಾಡಿದವನು ನಾನು. ಆದರೆ ಈ ಒಂದು ಮಳೆಗಾಲವನ್ನು ಮಾತ್ರ ಇಷ್ಟು ವರ್ಷ ತಾಳೆ ನೋಡದೆ ಬಿಟ್ಟಿದ್ದೆ. ಏಕೆ ಬಿಟ್ಟಿದ್ದೆನೆಂಬುದು ನೋಡಿದ ಮೇಲೆ ತಿಳಿಯಿತು.

ಆಗ ನನಗೆ ಮೂವತ್ತು ತುಂಬಿರಲಿಲ್ಲ. ಜಲಾಶಯದಲ್ಲಿ ಮುಳುಗಲಿರುವ ಊರುಗಳ ಶಾಸನಗಳನ್ನು ನಕಲು ಮಾಡಿಕೊಳ್ಳುವ ಕೆಲಸಕ್ಕೆ ನನ್ನನ್ನು ನೇಮಿಸಿ ಸಾಗರಕ್ಕೆ ಕಳುಹಿಸಿದ್ದರು. ಹೆಂಡತಿ ಶಾರದೆಯೂ ನಾನೂ ಪೇಟೆಯ ಅಂಚಿನಲ್ಲಿ ಒಂದು ಬಾಡಿಗೆ ಮನೆ ಹಿಡಿದಿದ್ದೆವು. ಕೆಲಸವಿದ್ದದ್ದು ಹೊಸನಗರದ ಕಡೆಯ ಹೊಳೆಯಂಚಿನ ಹಳ್ಳಿಗಳಲ್ಲಿ. ದಿನಕ್ಕೆ ಒಂದೋ ಎರಡೋ ಬಸ್ಸು. ಅವು ಇಳಿಸಿದಲ್ಲಿಂದ ಮುಂದೆ ನಡಿಗೆ. ಹೀಗಿರುವಾಗ ತೀರ್ಥಹಳ್ಳಿಯ ಡಾಕ್ಟರೊಬ್ಬರು ತಮ್ಮ ಹಳೆಯ ವಿಲಾಯಿತಿ ಕಾರನ್ನು ಮಾರುತ್ತಾರೆಂದು ಕೇಳಿ ಹೋಗಿ ಕೊಂಡು ತಂದೆ. ಹದಿನೈದು ಮಳೆಗಾಲ ಕಂಡಿದ್ದ ಕಪ್ಪು ಕಾರು. ಅದರ ಮೈಲಿಮೀಟರು ಒಂದು ಸುತ್ತು ಪೂರ್ತಿ ತಿರುಗಿ ಲಕ್ಷ ಮುಟ್ಟಿ, ಮತ್ತೆ ಸೊನ್ನೆಯಿಂದ ಆರಂಭಿಸಿ, ನನ್ನ ಕೈಗೆ ಬರುವಾಗ ಹನ್ನೆರಡು ಸಾವಿರ ತೋರಿಸುತ್ತಿತ್ತು. ಇದನ್ನು ಡಾಕ್ಟರು ನನಗೆ ಮುಚ್ಚಿಡಲಿಲ್ಲ. ಆದರೆ ನಾನು ಸಾಗರದಲ್ಲಿ ಕೇಳಿದವರಿಗೆಲ್ಲ, "ಹನ್ನೆರಡು ಸಾವಿರ ಮೈಲಿ ಓಡಿದೆ ಅಷ್ಟೆ" ಎಂದೆ. ಮೀಟರಿನಲ್ಲಿ ಇದ್ದದ್ದನ್ನೇ ಹೇಳುತ್ತಿದ್ದೇನಲ್ಲ ಎಂದು ಸಮಾಧಾನವೂ ಪಟ್ಟುಕೊಂಡೆ.

ಸಾಗರದಲ್ಲಿ ಆಗ ಸ್ವಂತ ಕಾರಿದ್ದವರು ಬೆರಳೆಣಿಕೆಯಷ್ಟು. ಅಕ್ಕಿ ಗಿರಣಿಯವರು, ಮರದ ವ್ಯಾಪಾರಿಗಳು, ಒಬ್ಬಿಬ್ಬರು ವಕೀಲರು. ಅವರ ನಡುವೆ ನಾನು 'ಕಾರಿನ ಮೇಷ್ಟ್ರು' ಎನಿಸಿಕೊಂಡೆ. ಮೇಷ್ಟರಲ್ಲದಿದ್ದರೂ ಆ ಹೆಸರು ನನಗೆ ಇಷ್ಟವಾಯಿತು.

ತುಕ್ಕು ಮೊದಲು ಕಂಡದ್ದು ಬಾಗಿಲುಗಳ ಕೆಳಗಂಚಿನಲ್ಲಿ. ಬಣ್ಣದಡಿ ಸಾಸಿವೆಯಷ್ಟು ಗುಳ್ಳೆಗಳೆದ್ದವು; ಉಗುರಿನಿಂದ ಒತ್ತಿದರೆ ಒಡೆದು ಕಾವಿಪುಡಿಯಂಥದು ಉದುರುತ್ತಿತ್ತು. ಒಂದು ದಿನ ಹಿಂದಿನ ಸೀಟಿನ ಕಾಲಿಡುವ ಜಾಗದ ಚಾಪೆಯನ್ನು ಎತ್ತಿ ನೋಡಿದರೆ ಅಂಗೈಯಗಲದ ತೂತು. ಅದರ ಮೂಲಕ ನಮ್ಮ ಅಂಗಳದ ಹುಲ್ಲು ಕಾಣುತ್ತಿತ್ತು. ಚಾಪೆಯನ್ನು ಮತ್ತೆ ಮುಚ್ಚಿ, ಸುತ್ತ ಯಾರಾದರೂ ನೋಡಿದರೇ ಎಂದು ನೋಡಿಕೊಂಡೆ.

ಬಸ್ ನಿಲ್ದಾಣದ ಹಿಂದೆ ಶೆಡ್ಡು ಇಟ್ಟುಕೊಂಡಿದ್ದ ಅಂತೋನಿ ಮೇಸ್ತ್ರಿಯ ಬಳಿಗೆ ಕಾರನ್ನು ಒಯ್ದದ್ದು ಮೃಗಶಿರ ಮಳೆ ಹಿಡಿಯುವ ಮೊದಲು. ಮೇಸ್ತ್ರಿ ಕಾರಿನಡಿ ತೂರಿ ಸುತ್ತಿಗೆಯ ಹಿಡಿಯಿಂದ ಅಲ್ಲಲ್ಲಿ ತಟ್ಟಿದ. ತಟ್ಟಿದಲ್ಲೆಲ್ಲ ಪುಡಿ ಉದುರಿತು. ಹೊರಬಂದು ಮೀಸೆಯ ಮೇಲಿನ ತುಕ್ಕನ್ನು ಒರೆಸಿಕೊಳ್ಳುತ್ತ ಹೇಳಿದ:

"ಸ್ವಾಮಿ, ಇದ್ಕೆ ಬ್ರೇಕ್ ಯಾಕೆ ಬೇಕು? ಹಿಂದೆ ಕೂತೋರು ಆ ತೂತಲ್ಲಿ ಕಾಲು ಇಳಿಬಿಟ್ರೆ ಸಾಕು, ನಿಲ್ತದೆ."

ಅಲ್ಲಿದ್ದ ಇಬ್ಬರು ಲಾರಿಯವರು ನಕ್ಕರು.

"ಈಗ ಏನು ಮಾಡಬೇಕು ಅದನ್ನು ಹೇಳಿ ಮೇಸ್ತ್ರಿ."

"ನೆಲ ಪೂರ್ತಿ ಕಿತ್ತು ಬೇರೆ ತಗಡು ಹಾಕ್ಬೇಕು. ಶಿವಮೊಗ್ಗಾದಿಂದ ತಗಡು ಬರ್ಬೇಕು. ಹದಿನೈದು ದಿನ ಬಿಡಿ."

"ಅಷ್ಟು ದಿನ ಬಿಡುವುದಕ್ಕಾಗುವುದಿಲ್ಲ. ಸದ್ಯಕ್ಕೆ ಬಾಗಿಲಿನ ಗುಳ್ಳೆ ಉಜ್ಜಿ ಬಣ್ಣ ಹೊಡೆದುಕೊಡಿ."

ಮೇಸ್ತ್ರಿ ನನ್ನ ಮುಖ ನೋಡಿದ. "ತುಕ್ಕು ಒಳಗಿಂದ ಬರ್ತದೆ ಸ್ವಾಮಿ. ಮೇಲೆ ಬಣ್ಣ ಬಳಿದ್ರೆ ಅದ್ಕೆ ಬೆಚ್ಚಗಾಗ್ತದೆ ಅಷ್ಟೆ. ನಿಮ್ ಕಾರು, ನಿಮ್ ಇಷ್ಟ."

ಎರಡು ದಿನಗಳಲ್ಲಿ ಬಾಗಿಲುಗಳು ಫಳಫಳ ಹೊಳೆದವು. ನೆಲದ ತೂತು ಹಾಗೆಯೇ ಉಳಿಯಿತು.

ಆ ಕಾರಿನಲ್ಲಿ ನಾನು ಮುಂದೆ ಹೋದ, ಹೊಸನಗರ ತಾಲೂಕಿನ ಹೊಳೆಯಂಚಿನ ಊರಿನ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ; ಅಲ್ಲಿ ನಾನು ಕಂಡ ಮನೆತನದವರು ಈಗಲೂ ಇದ್ದಾರೆ. ಊರಿನಲ್ಲಿ ಕೆಂಪು ಜಂಬಿಟ್ಟಿಗೆಯ ಪುಟ್ಟ ಬಸದಿಯೊಂದಿತ್ತು. ಅದರ ಹಿಂದೆ ನೀರಿನತ್ತ ಬಾಗಿದ ಒಂದು ದೊಡ್ಡ ಬಂಡೆ. ಬಂಡೆಯ ಮೇಲೆ ಹದಿನೇಳು ಸಾಲಿನ ಶಾಸನ. ಬಿಡಿಗಲ್ಲುಗಳನ್ನಾದರೆ ಎತ್ತಿನ ಗಾಡಿಯಲ್ಲಿ ಹೇರಿ ಮೇಲಿನ ಊರುಗಳಿಗೆ ಸಾಗಿಸಬಹುದಿತ್ತು. ಬಂಡೆಯನ್ನು ಯಾರು ಸಾಗಿಸುತ್ತಾರೆ? ಅದು ಮುಳುಗುವುದು ಖಚಿತವಾಗಿತ್ತು.

ಬಸದಿಯನ್ನು ನೋಡಿಕೊಳ್ಳುತ್ತಿದ್ದವರು ಧರಣಯ್ಯ. ಅರವತ್ತರ ಆಸುಪಾಸಿನ ಜೈನ ಗೃಹಸ್ಥರು; ಗದ್ದೆ ಬೇಸಾಯ ಮಾಡಿಕೊಂಡಿದ್ದವರು. ಪ್ರತಿ ವರ್ಷ ಮಹಾವೀರ ಜಯಂತಿಯ ಮುನ್ನಾದಿನ ಆ ಬಂಡೆಯನ್ನು ತೆಂಗಿನ ನಾರಿನಿಂದ ಉಜ್ಜಿ, ಪ್ರತಿ ಅಕ್ಷರದೊಳಗೂ ಬೆರಳು ಹಾಕಿ ಪಾಚಿ ತೆಗೆಯುವುದು ಅವರ ಮನೆಯ ಹಿರಿಯ ಮಗನಿಗೆ ಬಂದ ಕೆಲಸ. ಹತ್ತು ವರ್ಷದವರಿದ್ದಾಗ ಆರಂಭಿಸಿದ್ದನ್ನು ಒಂದು ವರ್ಷವೂ ಬಿಟ್ಟವರಲ್ಲ. ಆದರೆ ಹಳೆಯ ಲಿಪಿ ಅವರಿಗೆ ಓದಲು ಬರುತ್ತಿರಲಿಲ್ಲ.

"ನಮ್ಮಜ್ಜ ಹೇಳೋರು ಮೇಷ್ಟ್ರೆ," ಎಂದರು, ನಾನು ಬಂಡೆಯ ಮುಂದೆ ಕುಳಿತಾಗ. "ಈ ಬಸದಿ ಕಟ್ಸಿದ್ದು ಒಬ್ಳು ಹೆಂಗಸು, ಅವಳ ಹೆಸರು ಕೆಳಗಿನ ಸಾಲಲ್ಲಿದೆ ಅಂತ. ಹೆಸರು ಮಾತ್ರ ಯಾರಿಗೂ ಗೊತ್ತಿಲ್ಲ. ಬಸದಿ ಹೋಗ್ತದೆ, ಬಂಡೆ ಹೋಗ್ತದೆ. ಅವಳ ಹೆಸರೊಂದು ಓದಿ ಕೊಟ್ಬಿಡಿ. ಹೋದಲ್ಲಿ ದಿನಾ ಒಂದು ಸಲ ನೆನೀತೀವಿ."

"ಖಂಡಿತ ಕೊಡುತ್ತೇನೆ," ಎಂದೆ.

"ಸವ್ದಿಲ್ಲ ಅಲ್ದಾ?"

"ಎಲ್ಲಿ ಸವೆದಿದೆ ಧರಣಯ್ಯನವರೆ! ನಿನ್ನೆ ಕೆತ್ತಿದ ಹಾಗಿದೆ."

ಅವರು ನಾಚಿಕೊಂಡು ಆಚೆ ನೋಡಿದರು. ಐವತ್ತು ವರ್ಷದ ಕೆಲಸಕ್ಕೆ ಅವರಿಗೆ ಸಿಕ್ಕ ಮೊದಲ ಹೊಗಳಿಕೆ ಅದಾಗಿರಬೇಕು.

ನಮ್ಮ ಗುರುಗಳು ನನಗೆ ಎರಡು ನಿಯಮಗಳನ್ನು ಕಲಿಸಿದ್ದರು. ಶಾಸನವನ್ನು ಕಲ್ಲಿನೆದುರಿಗೇ ಕುಳಿತು ಪೂರ್ತಿ ಓದಿ ಪುಸ್ತಕದಲ್ಲಿ ಬರೆದುಕೊಳ್ಳಬೇಕು. ಪಡಿಯಚ್ಚಿನ ಎರಡು ಪ್ರತಿ ತೆಗೆದು ಎರಡನ್ನೂ ಬೇರೆ ಬೇರೆ ಇಡಬೇಕು. ಪಡಿಯಚ್ಚೆಂದರೆ, ತೊಳೆದ ಕಲ್ಲಿನ ಮೇಲೆ ಒದ್ದೆ ಕಾಗದ ಹಾಸಿ, ಬ್ರಷ್ಷಿನಿಂದ ಬಡಿದು ಅಕ್ಷರದ ಗುಳಿಗಳೊಳಕ್ಕೆ ಅದನ್ನು ಇಳಿಸಿ, ಮೇಲೆ ಮಸಿ ತಟ್ಟುವುದು. ಕಪ್ಪು ನೆಲದಲ್ಲಿ ಬಿಳಿಯ ಅಕ್ಷರ ಮೂಡುತ್ತದೆ. ಆ ದಿನ ಮಳೆ ಕಡಿಮೆಯಾಗಿ ಹೊಳವಾಗಿದ್ದ ನಾಲ್ಕು ಗಂಟೆಗಳಲ್ಲಿ ಎರಡು ಪ್ರತಿ ತೆಗೆದೆ. ಧರಣಯ್ಯನವರು ಎಲೆ ಹೆಣೆದ ಗೊರಬು ಹಿಡಿದು ಕಾಗದಕ್ಕೆ ಹನಿ ಬೀಳದಂತೆ ನಿಂತಿದ್ದರು. ಬಳಿಕ ಓದತೊಡಗಿದೆ. ಹತ್ತು ಸಾಲು ಮುಗಿಯಿತು: ಅರಸನ ಹೊಗಳಿಕೆ, ನಾಡಿನ ವರ್ಣನೆ, ಕಾಲದ ನಿರ್ದೇಶ. ಹನ್ನೊಂದನೆಯ ಸಾಲಿಗೆ ಬರುವಷ್ಟರಲ್ಲಿ ಘಟ್ಟದ ಕಡೆಯಿಂದ ಮೋಡ ಕವಿಯಿತು. ದಾರಿಯ ಹಳ್ಳ ತುಂಬಿದರೆ ಕಾರು ಈಚೆಗೇ ಉಳಿಯುತ್ತದೆಂಬ ಚಿಂತೆ ಹತ್ತಿತು. ಉಳಿದದ್ದನ್ನು ಮನೆಯಲ್ಲಿ ಕುಳಿತು ಪಡಿಯಚ್ಚಿನಿಂದ ಓದಿದರಾಯಿತೆಂದು ಪುಸ್ತಕ ಮುಚ್ಚಿದೆ. ಎರಡು ಪ್ರತಿಗಳನ್ನೂ ಒಟ್ಟಿಗೆ ಸುತ್ತಿ ಒಂದೇ ಕಟ್ಟು ಮಾಡಿದೆ.

ಹೊರಡುವಾಗ ಧರಣಯ್ಯನವರು ಒಂದು ಉಪಕಾರ ಕೇಳಿದರು. ಬಸದಿಯ ಪಂಚಲೋಹದ ಚಿಕ್ಕ ಬಿಂಬವನ್ನು ಹೊಸನಗರದಲ್ಲಿದ್ದ ಭಾವಮೈದುನನ ಮನೆಗೆ ಸಾಗಿಸಬೇಕಿತ್ತು. ಬಸ್ಸಿನ ನೂಕುನುಗ್ಗಲಲ್ಲಿ ಅದನ್ನು ಒಯ್ಯಲು ಮನಸ್ಸೊಪ್ಪದೆ ಅವರು ದಿನ ದೂಡುತ್ತಿದ್ದರಂತೆ. ಕಾರಿನಲ್ಲಿ ಜಾಗವಿದೆಯೇ? ಇಲ್ಲವೆನ್ನುವುದು ಹೇಗೆ? ಸ್ನಾನ ಮಾಡಿ ಮಡಿಯುಟ್ಟು ಅವರ ಹೆಂಡತಿ ಚಂದ್ರಮ್ಮ ಬಿಂಬವನ್ನು ರೇಷ್ಮೆ ವಸ್ತ್ರದಲ್ಲಿ ಸುತ್ತಿಕೊಂಡು ಬಂದರು. ಚಾವಣಿ ಸೋರಿ ಹಿಂದಿನ ಸೀಟು ತೇವವಾಗಿತ್ತು. ಅದು ಅವರಿಗೆ ತಿಳಿಯಬಾರದೆಂದು, ಪಡಿಯಚ್ಚುಗಳನ್ನು ಸುತ್ತಲು ಇಟ್ಟಿದ್ದ ಮೇಣಬಟ್ಟೆಯನ್ನು ಸೀಟಿನ ಮೇಲೆ ಹಾಸಿದೆ. ಕಾಗದದ ಕಟ್ಟಿಗೆ ಬರಿಯ ಗೋಣಿತಾಟು ಉಳಿಯಿತು. ಚಂದ್ರಮ್ಮ ಕಾಲಿಡಬೇಕಾದ ಕಡೆ ಚಾಪೆ ಜಾರಿ, ತೂತಿನ ಒಂದು ಅಂಚು ಇಣುಕುತ್ತಿತ್ತು. ಕಾರು ಓಡುವಾಗ ಅಲ್ಲಿ ರಸ್ತೆ ಓಡುವುದು ಕಾಣುತ್ತದೆ. ಕ್ಷಣಮಾತ್ರವೂ ಯೋಚಿಸದೆ ಆ ಕಟ್ಟನ್ನು ತೂತಿನ ಮೇಲೆ ಅಡ್ಡಲಾಗಿ ಇಟ್ಟೆ.

ಚಂದ್ರಮ್ಮ ಬಾಗಿಲಲ್ಲೇ ನಿಂತರು. "ಅಯ್ಯೋ, ಅಕ್ಷರ ಕಾಲಡಿಗಿಡ್ತೀರಾ? ಕೊಡಿ ಇಲ್ಲಿ, ಬಿಂಬದ ಜತೆ ನನ್ ತೊಡೆ ಮೇಲೇ ಇಟ್ಕತೀನಿ."

"ಬೇಡಮ್ಮ, ಅಲ್ಲೇ ಭದ್ರ. ಮೇಲಿಟ್ಟರೆ ಮಡಿಕೆ ಬೀಳುತ್ತೆ."

"ಕಾಲು ತಾಗಿದ್ರೆ?"

"ಪರವಾಗಿಲ್ಲ."

"ನಿಮಗೆ ಪರವಾಗಿಲ್ಲ, ನಮಗೆ?" ಎನ್ನುತ್ತ ಅವರು ಕಾಲುಗಳನ್ನು ಮಡಿಸಿ ಸೀಟಿನ ಮೇಲೇ ಪದ್ಮಾಸನ ಹಾಕಿ ಕುಳಿತುಬಿಟ್ಟರು. ಹೊಸನಗರದವರೆಗೂ ಹಾಗೆಯೇ ಕುಳಿತಿದ್ದರು. ಮುಂದೆ ನನ್ನ ಪಕ್ಕದಲ್ಲಿ ಕುಳಿತ ಧರಣಯ್ಯನವರು, "ದೇವರು ಎರಡಾದ್ವು ಹಿಂದುಗಡೆ" ಎಂದು ನಕ್ಕರು.

ದಾರಿಯ ಹಳ್ಳದಲ್ಲಿ ಆಗಲೇ ಮೊಣಕಾಲುದ್ದ ನೀರು. ಗೇರು ಇಳಿಸಿ, ಕಾರನ್ನು ನೀರಿಗೆ ಬಿಟ್ಟೆ. ನೀರು ಎರಡೂ ಬದಿಗೆ ಸೀಳಿ ಹಾರಿತು. ಎಂಜಿನ್ನು ಕೆಮ್ಮಿತೇ ಹೊರತು ನಿಲ್ಲಲಿಲ್ಲ. ಆಚೆ ದಡ ಹತ್ತಿದಾಗ ಧರಣಯ್ಯನವರು, "ಗಟ್ಟಿ ಇದೆ ಬಿಡಿ ಮೇಷ್ಟ್ರೆ ನಿಮ್ ಕಾರು" ಎಂದರು.

"ಓಡಿರೋದೇ ಹನ್ನೆರಡು ಸಾವಿರ ಮೈಲಿ," ಎಂದೆ.

ಹಿಂದಿನ ಸೀಟಿನ ಮುಂದೆ ತೂತಿನಿಂದ ನೀರು ಏರಿ ಇಳಿದದ್ದು ಯಾರಿಗೂ ತಿಳಿಯಲಿಲ್ಲ. ತಿಳಿಸಬೇಕಿದ್ದ ಎರಡು ಕಾಲುಗಳು ಅಕ್ಷರಕ್ಕೆ ತಾಗಬಾರದೆಂದು ಮೇಲೆ ಮಡಿಸಿಕೊಂಡಿದ್ದವು. ಅವರಿಬ್ಬರನ್ನು ಹೊಸನಗರದಲ್ಲಿಳಿಸಿ, ಬಟ್ಟೆಮಲ್ಲಪ್ಪದ ಮೇಲೆ ಸಾಗರಕ್ಕೆ ಬಂದು, ಕಟ್ಟನ್ನು ಎತ್ತಿದಾಗ ಗೋಣಿಯಿಂದ ಕಪ್ಪುನೀರು ಸೋರಿತು. ಜಗಲಿಯ ಮೇಲೆ ಬಿಡಿಸಲು ಯತ್ನಿಸಿದೆ. ಎರಡು ಹಾಳೆಗಳೂ ಒಂದಕ್ಕೊಂದು ಅಂಟಿ ಮುದ್ದೆಯಾಗಿದ್ದವು. ಬಿಡಿಸಿದಷ್ಟೂ ಹರಿದವು. ಮಸಿ ಹರಡಿ ಬಿಳಿಯ ಅಕ್ಷರಗಳೆಲ್ಲ ಕಪ್ಪಾಗಿದ್ದವು. ನಡುವೆ ಅಂಗೈಯಗಲದಲ್ಲಿ ತುಕ್ಕಿನ ಕೆಂಪು ಕಲೆ ಮೂಡಿತ್ತು.

ಶಾರದೆ ಬಂದು ನೋಡಿದಳು. "ಇನ್ನೊಂದು ಸಲ ಹೋಗಿ ತಕ್ಕೊಂಡು ಬನ್ನಿ, ಅಷ್ಟೇ ತಾನೆ?" ಎಂದಳು.

"ಕಾರಿನ ನೆಲ ಸರಿಮಾಡಿಸದೆ ಹೋಗೋದು ಹ್ಯಾಗೆ?"

"ಬಸ್ಸಿಲ್ವೇನ್ರೀ?"

ಬಸ್ಸಿತ್ತು. ಬಸ್ಸಿಳಿದು ನಡೆದು ಹೋದರೆ, ಕಾರೆಲ್ಲಿ ಎಂದು ಧರಣಯ್ಯನವರು ಕೇಳುತ್ತಾರೆ. ಮತ್ತೊಮ್ಮೆ ಏಕೆ ಬಂದಿರಿ ಎಂದು ಕೇಳುತ್ತಾರೆ. ಅಕ್ಷರವನ್ನು ತೊಡೆಯ ಮೇಲಿಟ್ಟುಕೊಳ್ಳುತ್ತೇನೆಂದವರ ಕೈಯಿಂದ ಅದನ್ನು ತಪ್ಪಿಸಿ ತೂತಿಗೆ ಮುಚ್ಚಳ ಮಾಡಿದೆನೆಂದು ನಾನು ಹೇಳಬೇಕಾಗುತ್ತದೆ. ಇಷ್ಟನ್ನು ಅಂದು ನನಗೆ ನಾನೇ ಇಷ್ಟು ಸ್ಪಷ್ಟವಾಗಿ ಹೇಳಿಕೊಂಡಿರಲಿಲ್ಲ. ಕಾರು ಸರಿಯಾಗಲಿ, ಹೋಗೋಣ ಎಂದಷ್ಟೇ ಅಂದುಕೊಂಡೆ.

ಮರುದಿನವೇ ಕಾರನ್ನು ಅಂತೋನಿ ಮೇಸ್ತ್ರಿಗೆ ಒಪ್ಪಿಸಿದೆ. ಅವನು ನೆಲವನ್ನು ಕಿತ್ತು ಹೊರಗೆ ಹಾಕಿದ. ಶಿವಮೊಗ್ಗದಿಂದ ತಗಡು ಬರಬೇಕಿತ್ತು. ಆರಿದ್ರೆ ಮಳೆ ಬಿಡದೆ ಹೊಡೆಯಿತು. ಬೆಸುಗೆಯ ಸಾಮಾನು ಬೇರೆಲ್ಲೋ ಹೋಗಿತ್ತು. ದಿನವೂ ಸಂಜೆ ನಾನು ಶೆಡ್ಡಿಗೆ ಹೋಗಿ ನಿಲ್ಲುತ್ತಿದ್ದೆ. ಸ್ಟೇರಿಂಗು, ಸೀಟು, ಬಾಗಿಲು ಎಲ್ಲವೂ ಇದ್ದು ನೆಲವಿಲ್ಲದ ಕಾರು ನಾಲ್ಕು ಮರದ ದಿಮ್ಮಿಗಳ ಮೇಲೆ ನಿಂತಿತ್ತು.

"ಬಣ್ಣ ನೋಡಿ ಸ್ವಾಮಿ, ಇನ್ನೂ ಹೆಂಗೆ ಹೊಳೀತದೆ!" ಎಂದು ಮೇಸ್ತ್ರಿ ಅಣಕಿಸುವನು.

ದಿನಚರಿಯಲ್ಲಿ ಪುಟದ ಮೇಲೆ ಪುಟ ಒಂದೇ ನಮೂದಿದೆ: 'ಕಾರು ಇನ್ನೂ ಆಗಿಲ್ಲ.'

ಪುನರ್ವಸು ಮಳೆಯಲ್ಲಿ ಧರಣಯ್ಯನವರ ಕಾರ್ಡು ಬಂದಿತು. ಹೊಸನಗರದಿಂದ ಅವರು ಒಬ್ಬರೇ ಊರಿಗೆ ಮರಳಿ, ಕೊನೆಯವರೆಗೂ ಅಲ್ಲಿರುವುದಾಗಿ ಹೇಳಿ ನಿಂತಿದ್ದರು. ಕಾರ್ಡನ್ನು ನಾನು ಇಟ್ಟುಕೊಂಡಿದ್ದೇನೆ. 'ನೀರು ಬಸದಿಯ ಮೆಟ್ಟಿಲಿಗೆ ಬಂದಿದೆ. ಬಂಡೆ ಇನ್ನೂ ಪೂರ್ತಿ ಮೇಲಿದೆ. ಶುಕ್ರವಾರ ಕಡೆಯ ಬಾರಿ ಉಜ್ಜಿ ಹೂವಿಡುತ್ತೇನೆ. ತಾವು ಬಂದು ಆ ತಾಯಿಯ ಹೆಸರನ್ನು ಬಂಡೆಯ ಮುಂದೆ ಒಮ್ಮೆ ಓದಿ ಹೇಳಿದರೆ ನಮ್ಮ ಹಿರಿಯರಿಗೆ ಸಂತೋಷ.' ಬುಧವಾರ ಕಾರ್ಡು ಕೈಸೇರಿತು. ಶುಕ್ರವಾರ ಬೆಳಗ್ಗೆ ಶಾರದೆ ಬೇಗನೆ ಎದ್ದು ಬುತ್ತಿ ಕಟ್ಟಿಟ್ಟಳು, ಕೊಡೆ ಬಾಗಿಲಿಗೆ ಒರಗಿಸಿದಳು. ನಾನು ಜ್ವರವೆಂದು ಮಲಗಿದೆ. ಹಣೆ ಮುಟ್ಟಿ ನೋಡಿದವಳು ಬುತ್ತಿಯನ್ನು ಬಿಚ್ಚಿದಳು. ಮಧ್ಯಾಹ್ನ ಇಬ್ಬರೂ ಅದನ್ನೇ ಉಂಡೆವು.

ಮುಂದಿನ ವಾರ ಬಂಡೆ ಮುಳುಗಿದ ಸುದ್ದಿ ಬಂದಿತು.

ಈ ಮಳೆಗಾಲವನ್ನು ನಾನು ಯಾರಿಗಾದರೂ, ಬಹುಮಟ್ಟಿಗೆ ನನಗೇ, ಹೇಳಿಕೊಂಡಾಗಲೆಲ್ಲ ಹೇಳುತ್ತ ಬಂದದ್ದು ಹೀಗೆ: 'ಪಡಿಯಚ್ಚು ಹಾಳಾಯಿತು, ಮೂರೇ ದಿನಗಳಲ್ಲಿ ನೀರು ಬಂದುಬಿಟ್ಟಿತು, ಮತ್ತೆ ಹೋಗಲಾಗಲಿಲ್ಲ.' ಮೂರು ದಿನ ಎಂದು ನಾನು ಸುಳ್ಳು ಹೇಳುತ್ತಿದ್ದೇನೆಂದು ನನಗೆ ಅನ್ನಿಸಿರಲೇ ಇಲ್ಲ. ನನ್ನ ನೆನಪಿನಲ್ಲಿ ಅದು ಮೂರೇ ದಿನ. ಕಳೆದ ವರ್ಷ ದಿನಚರಿಯನ್ನೂ ಕಾರ್ಡಿನ ಮೇಲಿನ ಅಂಚೆ ಮುದ್ರೆಯನ್ನೂ ಆ ವರ್ಷದ ಪಂಚಾಂಗವನ್ನೂ ಎದುರಿಗಿಟ್ಟುಕೊಂಡು ಎಣಿಸಿದೆ. ಪಡಿಯಚ್ಚು ಹಾಳಾದ ದಿನದಿಂದ ಬಂಡೆ ಮುಳುಗಿದ ಸುದ್ದಿ ಬಂದ ದಿನದವರೆಗೆ ಇಪ್ಪತ್ತಾರು ದಿನ. ಎರಡು ಬಾರಿ ಎಣಿಸಿದೆ. ಅಷ್ಟೂ ದಿನ ಹೊಸನಗರದ ಬಸ್ಸು ಓಡಿತ್ತು. ಅದರಲ್ಲಿ ಬಂದ ಕಾರ್ಡೇ ಅದಕ್ಕೆ ಸಾಕ್ಷಿ.

ಆ ಚಳಿಗಾಲದಲ್ಲಿ ಲೇಖನ ಬರೆದೆ. ಹತ್ತು ಸಾಲುಗಳ ಪಾಠವನ್ನು ಕೊಟ್ಟೆ. ಹನ್ನೊಂದನೆಯ ಸಾಲಿಗೆ ಬಂದು ಲೇಖನಿ ನಿಂತಿತು. ಪಡಿಯಚ್ಚು ಹಾಳಾಯಿತೆಂದು ಬರೆಯಬಹುದಿತ್ತು. ಒಂದು ವಾಕ್ಯದ ಮಾತು. ಹಿರಿಯರು ಬೈಯುತ್ತಿದ್ದರು, ಎರಡನ್ನೂ ಒಂದೇ ಕಟ್ಟಿನಲ್ಲಿಟ್ಟದ್ದಕ್ಕೆ ನಗುತ್ತಿದ್ದರು, ಅಷ್ಟೆ. ನಾನು ಬರೆದದ್ದು: 'ಬಂಡೆಯ ಕೆಳಭಾಗ ಬಹಳವಾಗಿ ಸವೆದಿದೆ. ಸಾಲು ೧೧ರಿಂದ ೧೭ರವರೆಗೆ ತ್ರುಟಿತ. ಬಸದಿಯ ಉಲ್ಲೇಖ ಕಂಡುಬರುವುದಿಲ್ಲ.' ನನ್ನ ಕಾರಿನ ತುಕ್ಕನ್ನು ಆ ಬಂಡೆಯ ಮೇಲೆ ಹಾಕಿದೆ. ಬಂಡೆ ನೀರಿನಡಿಯಿತ್ತು, ಹೋಗಿ ನೋಡುವವರಾರು?

ಮಾತು ಕೊಟ್ಟಿದ್ದೆನಾದ್ದರಿಂದ ಅಚ್ಚಾದ ಲೇಖನದ ಒಂದು ಪ್ರತಿಯನ್ನು ಧರಣಯ್ಯನವರಿಗೆ ಕಳುಹಿಸಿದೆ. ಉತ್ತರ ಬರಲಿಲ್ಲ. ಅವರು ತೀರ್ಥಹಳ್ಳಿಯ ಸಮೀಪ ಜಮೀನು ಸಿಕ್ಕಿ ಅಲ್ಲಿಗೆ ಹೋದರೆಂದು ತಿಳಿಯಿತು.

೧೯೬೫ರ ವೈಶಾಖದಲ್ಲಿ ಬೇರೊಂದು ಕೆಲಸಕ್ಕೆಂದು ತೀರ್ಥಹಳ್ಳಿಗೆ ಹೋದೆ. ಹೊಸ ನೆಲ ಹಾಕಿಸಿಕೊಂಡ ಕಾರು ಚೆನ್ನಾಗಿ ಓಡುತ್ತಿತ್ತು. ಮರಳುವ ದಾರಿಯಲ್ಲಿ ರಸ್ತೆಯ ಪಕ್ಕದ ಹೊಸ ಮನೆಯ ಮುಂದೆ ಧರಣಯ್ಯನವರು ನಿಂತಿದ್ದರು. ಕಾರನ್ನು ಗುರುತಿಸಿ ಕೈಯೆತ್ತಿದರು. ನಿಲ್ಲಿಸದೆ ಹೋಗಲಾಗಲಿಲ್ಲ. ಚಂದ್ರಮ್ಮ ಪಾನಕ ತಂದು ಕೊಟ್ಟು, ಕಾರಿನ ಹಿಂಬದಿಯತ್ತ ಒಮ್ಮೆ ನೋಡಿ ಒಳಗೆ ಹೋದರು.

"ಓದಿದೆ ಮೇಷ್ಟ್ರೆ," ಎಂದರು ಧರಣಯ್ಯ. "ನಂಗೆ ಎಲ್ಲಾ ತಿಳೀಲಿಲ್ಲ. ಮಗಳ ಹತ್ರ ಎರಡು ಸಲ ಓದ್ಸಿ ಕೇಳ್ದೆ. ಕೆಳಗಡೆ ಸವ್ದಿತ್ತು ಅಂತ ಬರ್ದಿದೀರಿ."

ನಾನು ಪಾನಕದ ಲೋಟ ನೋಡುತ್ತಿದ್ದೆ. "ಕಾಗದದ ಮೇಲೆ ಸರಿಯಾಗಿ ಮೂಡಲಿಲ್ಲ."

"ಇರ್ಬಹುದು. ಕಾಗದದ ವಿಷಯ ನಂಗೆ ಗೊತ್ತಿಲ್ಲಪ್ಪ." ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ನನ್ನನ್ನು ಬಿಡಿಸಲು ಅವರೇ ದಾರಿ ಹುಡುಕುತ್ತಿರುವಂತಿತ್ತು. "ನನ್ ಕಣ್ಣಿಗೆ ಆ ಹಳೇ ಲಿಪಿ ಓದಕ್ಕೆ ಬರಲ್ಲ. ಆದ್ರೆ ಐವತ್ತು ವರ್ಷ ಉಜ್ಜಿದ ಬೆರಳಲ್ವಾ? ಅದ್ಕೆ ಗೊತ್ತಿದೆ. ಮೊನ್ನೆಯಿಂದ ನೆಲದ ಮೇಲೆ ಬರ್ದು ನೋಡ್ತಿದೀನಿ. ಆ ಏಳು ಸಾಲೂ ಪೂರ್ತಿ ಬರಲ್ಲ. ಅದ್ರಲ್ಲಿ ಮೇಲಿಂದು ಎರಡು ಸಾಲು ಬರ್ತದೆ. ನೋಡಿ."

ಕಾರಿನ ಬಾನೆಟ್ಟಿನ ಮೇಲೆ ಬೇಸಿಗೆಯ ಕೆಂಪು ಧೂಳು ದಪ್ಪಗೆ ಕೂತಿತ್ತು. ಅವರು ಬಾಗಿ, ಕಣ್ಣು ಮುಚ್ಚಿಕೊಂಡು, ತೋರುಬೆರಳಿನಿಂದ ಬರೆಯತೊಡಗಿದರು. "ಇಲ್ಲೊಂದು ಕೊಕ್ಕೆ. ಇಲ್ಲಿ ಎರಡು ಹೊಟ್ಟೆ. ಇದಕ್ಕೆ ಬಾಲ ಇದೆ, ಇಲ್ಲಿ ಯಾವಾಗ್ಲೂ ಪಾಚಿ ಜಾಸ್ತಿ ಕೂರೋದು..." ನಿಧಾನವಾಗಿ, ನಡುನಡುವೆ ನಿಂತು, ಬೆರಳನ್ನು ಗಾಳಿಯಲ್ಲಿ ಆಡಿಸಿ ನೆನಪಿಸಿಕೊಂಡು, ಬಾನೆಟ್ಟಿನ ಅಂಚಿನಿಂದ ಅಂಚಿಗೆ ಎರಡು ಸಾಲು ಬರೆದರು. ಆ ಲಿಪಿಯನ್ನು ಓದಲು ಬಾರದವರು ಬರೆದ ಅಕ್ಷರಗಳು. ಒಂದಾದರೂ ತಪ್ಪಿರಲಿಲ್ಲವೆಂದು ಮೊದಲ ನೋಟಕ್ಕೇ ಗೊತ್ತಾಯಿತು.

"ಪುಸ್ತಕ ತೆಗೀರಿ ಮೇಷ್ಟ್ರೆ, ಬರ್ಕೊಳಿ. ಅವಳ ಹೆಸರು ಇದ್ರಲ್ಲೇ ಇರ್ಬೇಕು."

ಪುಸ್ತಕ ನನ್ನ ಚೀಲದಲ್ಲಿತ್ತು. ತೆಗೆದು ಬರೆದುಕೊಂಡರೆ, ಸವೆದಿದೆಯೆಂದು ಅಚ್ಚು ಹಾಕಿಸಿದ ಸಾಲುಗಳು ಇದ್ದವೆಂದು ಒಪ್ಪಿದಂತೆ. ಎಲ್ಲಿಂದ ಸಿಕ್ಕಿದವೆಂದು ನಾಳೆ ಜನ ಕೇಳುತ್ತಾರೆ.

"ಪುಸ್ತಕ ತಂದಿಲ್ಲ," ಎಂದೆ.

ಅವರು ಒಂದು ಗಳಿಗೆ ಯೋಚಿಸಿದರು. ಮುಖ ಅರಳಿತು. "ಅದಕ್ಕೇನು! ಹಿಂಗೇ ತಗೊಂಡ್ ಹೋಗಿ. ಮಳೆ ಬರೋ ಲಕ್ಷಣ ಇಲ್ಲ. ನಿಧಾನ ಓಡ್ಸಿ, ಮನೆಗೆ ಹೋಗಿ ನೋಡ್ಕೊಂಡು ನಂಗೊಂದು ಕಾರ್ಡು ಹಾಕಿ. ಹೆಸರೊಂದೇ ಸಾಕು."

ಹೊರಟೆ. ಬರೆದವರು ಕಾರಿನ ಮುಂದೆ ನಿಂತು ಬರೆದಿದ್ದರಿಂದ ನನ್ನ ಸೀಟಿಗೆ ಅಕ್ಷರಗಳು ತಲೆಕೆಳಗಾಗಿ ಕಾಣುತ್ತಿದ್ದವು. ಶಾಸನ ಓದುವವನಿಗೆ ಅದೇನೂ ತೊಡಕಲ್ಲ. ಹೊಸನಗರದವರೆಗೆ, ಅಲ್ಲಿಂದ ಬಟ್ಟೆಮಲ್ಲಪ್ಪದವರೆಗೆ, ಅಲ್ಲಿಂದ ಸಾಗರದವರೆಗೆ ಅವು ನನ್ನ ಕಣ್ಣಿನ ಮುಂದೆಯೇ ಇದ್ದವು. ನಾನು ಓದಲಿಲ್ಲ. ಅಕ್ಷರ ಕಂಡರೆ ತಾನಾಗಿ ಓದುವ ಕಣ್ಣನ್ನು ಹಟದಿಂದ ರಸ್ತೆಯ ಮೇಲೆ ನೆಟ್ಟೆ. ಆದರೂ ಒಂದು ತಿರುವಿನಲ್ಲಿ 'ಬಸದಿಯಂ' ಎಂಬುದು ನುಸುಳಿತು. ಅದರ ಹಿಂದಿನ ಪದದ ಕೊನೆ 'ಅಕ್ಕ' ಎಂಬುದೂ ಕಂಡಿತು. ಅದಕ್ಕೂ ಹಿಂದಿನ ಅಕ್ಷರಗಳಿಂದ ಕಣ್ಣು ಕಿತ್ತೆ. ಧೂಳು ಹಾರಲೆಂದು ಕಾರನ್ನು ಜೋರಾಗಿ ಓಡಿಸಿದೆ. ಹಾರಲಿಲ್ಲ.

ಮನೆಯ ಮುಂದೆ ನಿಲ್ಲಿಸಿದಾಗ ಶಾರದೆ ಹೊರಗೆ ಬಂದಳು. ಬಾನೆಟ್ಟನ್ನು ನೋಡಿ, "ಇದೇನ್ರೀ, ಯಾರೋ ಬರೆದಿದಾರಲ್ಲ?" ಎಂದಳು.

"ಯಾರೋ ಗೀಚಿದ್ದು," ಎಂದೆ.

ಧರಣಯ್ಯನವರಿಗೆ ನಾನು ಕಾರ್ಡು ಬರೆಯಲಿಲ್ಲ. ಎರಡು ವರ್ಷಗಳ ಬಳಿಕ ಅವರು ತೀರಿಕೊಂಡರೆಂದು ತಿಳಿಯಿತು. ಆ ಲೇಖನವಿರುವ ಸಂಪುಟವನ್ನು ಇಟ್ಟುಕೊಂಡವರು ತಿದ್ದಿಕೊಳ್ಳಬೇಕು: ಬಂಡೆ ಸವೆದಿರಲಿಲ್ಲ, ಹದಿನೇಳು ಸಾಲುಗಳೂ ಸ್ಪಷ್ಟವಾಗಿದ್ದವು, ಬಸದಿಯನ್ನು ಕಟ್ಟಿಸಿದವಳ ಹೆಸರು ಅದರಲ್ಲಿತ್ತು. ಹೆಸರೇನೆಂದು ನನಗೆ ಗೊತ್ತಿಲ್ಲ. ಗೊತ್ತಾಗಬಹುದಾಗಿದ್ದ ಕೊನೆಯ ದಿನದ ಬಗ್ಗೆ ಇರುವ ಏಕೈಕ ಲಿಖಿತ ಆಧಾರ ನನ್ನ ದಿನಚರಿಯದು. ಅದನ್ನು ಇದ್ದ ಹಾಗೆಯೇ ಕೊಡುತ್ತೇನೆ: 'ತೀರ್ಥಹಳ್ಳಿಗೆ ಹೋಗಿ ಬಂದೆ. ದಾರಿಯಲ್ಲಿ ವಿಶೇಷವೇನೂ ಇಲ್ಲ. ಸಂಜೆ ಕಾರು ತೊಳೆದೆ.'